ನಾಲ್ಕನೇ ಸಲ ರೋಟಿಫರ್ ಉಳಿದುಕೊಂಡಿತು

ಕ್ಲೌನ್ ಮೀನಿನ ಮರಿಗಳ ಊಟಕ್ಕೆಂದು, ಕಣ್ಣಿಗೆ ಕಾಣದಷ್ಟು ಪುಟ್ಟ ಉಪ್ಪುನೀರಿನ ಜೀವಿ ರೋಟಿಫರನ್ನು ಬಕೆಟ್‌ನಲ್ಲಿ ಸಾಕುತ್ತಿದ್ದೇನೆ. ಇವತ್ತಿಗೆ ಹನ್ನೊಂದು ದಿನ. ಬೆಳಿಗ್ಗೆ ಒಂದು ಎಂಎಲ್ ನೀರು ತೆಗೆದು ಲೆನ್ಸ್ ಕೆಳಗಿಟ್ಟು ಎಣಿಸಿದೆ, 140! ಶುರು ಮಾಡಿದ್ದು 50ರಿಂದ. ಹಿಂದಿನ ಮೂರು ಬ್ಯಾಚೂ ನಾಲ್ಕನೇ ದಿನ ದಾಟಿರಲಿಲ್ಲ.

ಬಕೆಟ್, ಗಾಳಿಗೆ ಏರ್ ಪಂಪ್, ತಿನ್ನಲು ಪಾಚಿ ಪೇಸ್ಟ್, ಇಷ್ಟೇ ಸಾಮಾನು. ತಲೆ ತಿಂದಿದ್ದು ನೀರು. ತುಮಕೂರಿಗೆ ಸಮುದ್ರದ ನೀರು ಎಲ್ಲಿಂದ ಬರಬೇಕು? ಮಲ್ಪೆಯಿಂದ ಮೀನು ತರುವ ಗಾಡಿಯಲ್ಲಿ ಭಾವ ನಾಲ್ಕು ಕ್ಯಾನ್ ಹಾಕಿಸಿಕೊಂಡು ಬರುತ್ತಾರೆ. ಅದರಲ್ಲಿರುವ ಕ್ರಿಮಿ ಸಾಯಲಿ ಅಂತ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್) ಲೆಕ್ಕದಲ್ಲಿ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ ಹಾಕಿ, ರಾತ್ರಿಯಿಡೀ ಗಾಳಿ ಬಿಟ್ಟು, ಬೆಳಿಗ್ಗೆ ಉಳಿದ ಕ್ಲೋರಿನ್ ತೆಗೆಯಲು ಅದರ ಏಳು ಪಟ್ಟು ಥಯೋಸಲ್ಫೇಟ್ ಹಾಕಿ, ಅವತ್ತೇ ರೋಟಿಫರ್ ಬಿಡುತ್ತಿದ್ದೆ. ಮೂರನೇ ದಿನಕ್ಕೆ ಮೇಲೆಲ್ಲ ನೊರೆ. ಬಕೆಟ್ ಒಳಗೆ ಬೆರಳಾಡಿಸಿದರೆ ಬೆಂಡೆಕಾಯಿ ಲೋಳೆ ಥರ ಜಾರುತ್ತಿತ್ತು. ರೋಟಿಫರ್ ಪೂರ್ತಿ ತಳ ಸೇರಿರುತ್ತಿದ್ದವು.

ಮೊದಲು ಸಿಟ್ಟು ಬಂದಿದ್ದು ಅಂಗಡಿಯವರ ಮೇಲೆ. ಹೈಪೋಕ್ಲೋರೈಟ್ ಕ್ಯಾನ್ ಮೇಲೆ ತಯಾರಾದ ತಾರೀಖೇ ಇಲ್ಲ, ಬಿಸಿಲಲ್ಲೇ ಜೋಡಿಸಿಟ್ಟಿರುತ್ತಾರೆ. ಹೈಪೋಕ್ಲೋರೈಟ್ ಸೆಕೆಗೆ ಸತ್ವ ಕಳೆದುಕೊಳ್ಳುತ್ತದೆ ಅಲ್ವಾ? ಬೇರೆ ಕಡೆ ಹೊಸದು ತಂದೆ, ಕಿಟ್‌ನಲ್ಲಿ ಅಳೆದೆ, ಕ್ಲೋರಿನ್ ಸರಿಯಾಗಿಯೇ ಇತ್ತು. ಆದರೂ ಮೂರನೇ ಬ್ಯಾಚ್ ಹೋಯಿತು.

ದಾರಿ ತೋರಿಸಿದ್ದು ಅಮ್ಮ. "ಹಾಲು ಕಾಯಿಸಿ ಹೆಪ್ಪು ಹಾಕದೆ ಸುಮ್ನೆ ಬಿಟ್ರೆ ಒಡೆದೇ ಹೋಗುತ್ತೆ ಕಣೋ" ಅಂದರು. ನೀರಿನ ಕಥೆಯೂ ಅದೇ. ಕ್ಲೋರಿನ್ ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಸಾಯಿಸುತ್ತದೆ, ಸತ್ತವು ಅಲ್ಲೇ ಊಟವಾಗಿ ಉಳಿಯುತ್ತವೆ. ರೋಟಿಫರ್ ಜೊತೆಗೇ ಬರುವ ವಿಬ್ರಿಯೊ ಥರದ ಬೇಗ ಬೆಳೆಯುವ ಬ್ಯಾಕ್ಟೀರಿಯಾ ಆ ಖಾಲಿ ಮನೆಗೆ ಮೊದಲು ನುಗ್ಗುತ್ತವೆ. ನಾರ್ವೆಯ ವಿಜ್ಞಾನಿ ಓಲಾವ್ ವಾಡ್‌ಸ್ಟೈನ್ ಮತ್ತು ಜೊತೆಯವರು 1990ರ ದಶಕದಲ್ಲೇ ಇದನ್ನು ಹೇಳಿದ್ದರು: ಶುದ್ಧ ಮಾಡಿದ ನೀರನ್ನು ಬ್ಯಾಕ್ಟೀರಿಯಾ ನೆಲೆಸಿರುವ ಬಯೋಫಿಲ್ಟರ್‌ನಲ್ಲಿ ಹಾಯಿಸಿ ಪಳಗಿಸಿ, ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಮೊದಲು ತಳ ಊರಲಿ ಅಂತ.

ಈ ಸಲ ಕ್ಲೋರಿನ್ ಪೂರ್ತಿ ಹೋದ ಮೇಲೆ, ಎರಡು ವರ್ಷದಿಂದ ಓಡುತ್ತಿರುವ ಕ್ಲೌನ್ ಮೀನಿನ ಟ್ಯಾಂಕಿನ ಸ್ಪಂಜ್ ಫಿಲ್ಟರನ್ನು ತೆಗೆದು ಆ ನೀರಿಗೆ ಹೆಪ್ಪಿನ ಹಾಗೆ ಹಾಕಿ ಎರಡು ವಾರ ಓಡಿಸಿದೆ. ಆಮೇಲೇ ರೋಟಿಫರ್. ಪಕ್ಕದಲ್ಲಿ ಹಳೇ ರೀತಿಯ ನೀರಿನದೂ ಒಂದು ಬಕೆಟ್ ಇಟ್ಟಿದ್ದೆ. ಅದು ನಾಲ್ಕನೇ ದಿನ ಮತ್ತೆ ನೊರೆ ಬಂದು ಸತ್ತಿತು. ಇದು ಇನ್ನೂ ತಿಳಿಯಾಗಿದೆ, ಗೋಡೆ ಜಾರುತ್ತಿಲ್ಲ.

ಮುಂದಿನದು ಆರ್ಟೀಮಿಯ, ಮೀನಿನ ಮರಿಗೆ ತಿನ್ನಿಸುವ ಇನ್ನೊಂದು ಪುಟ್ಟ ಉಪ್ಪುನೀರಿನ ಜೀವಿ. ಅಲ್ಲಿ ನೀರಿಗಿಂತ ಮೊಟ್ಟೆಯ ಚಿಪ್ಪಿನದೇ ತೊಂದರೆ ಜಾಸ್ತಿ. ಚಿಪ್ಪಿಗೆ ಬ್ಯಾಕ್ಟೀರಿಯಾ ಅಂಟಿರುತ್ತವೆ, ಒಡೆಯುವಾಗ ಹೊರಬರುವ ಗ್ಲಿಸರಾಲ್ ಅವಕ್ಕೆ ಹಬ್ಬದೂಟ. ಹೈಪೋಕ್ಲೋರೈಟ್‌ನಲ್ಲಿ ಚಿಪ್ಪನ್ನೇ ಕರಗಿಸಬೇಕು. ಕಂದು ಬಣ್ಣ ಬೂದು ಬಣ್ಣವಾಗಿ, ಕಿತ್ತಳೆಗೆ ತಿರುಗಿದ ತಕ್ಷಣ ಬಲೆಗೆ ಸುರಿದು ತೊಳೆಯಬೇಕು. ಬಿಸಿ ಏರುತ್ತದೆ, ಐಸ್ ಪಕ್ಕದಲ್ಲೇ ಇರಲಿ.

ಅದು ಆಮೇಲೆ. ಕ್ಲೌನ್ ಮೊಟ್ಟೆಗಳೊಳಗೆ ಬೆಳ್ಳಿ ಕಣ್ಣು ಮೂಡಿವೆ, ಗಂಡು ಬಿಡದೆ ರೆಕ್ಕೆ ಬೀಸುತ್ತಿದೆ. ಇವತ್ತೋ ನಾಳೆಯೋ ರಾತ್ರಿ ದೀಪ ಆರಿದ ಮೇಲೆ ಮರಿ ಹೊರಬರುತ್ತವೆ. ಅಷ್ಟರಲ್ಲಿ ಈ ಬಕೆಟನ್ನು ಎರಡಾಗಿ ಹಂಚಿಡಬೇಕು.