217 ಹರ್ಟ್ಜ್‌ನ ದುಂಬಿ ಹೊರಗೆ ಹೋಯಿತು: ಇನ್‌ಲೈನ್ ಬೂಸ್ಟರ್, ಮೂರನೇ ಬೋರ್ಡ್

ಕೊನೆಗೂ ಬೂಸ್ಟರ್ ಸುಮ್ಮನಾಗಿದೆ! (ಡೈನಮಿಕ್ ಮೈಕಿಗೂ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿಗೂ ನಡುವೆ ಕೂತು ಸಣ್ಣ ದನಿಯನ್ನು ಹಿಗ್ಗಿಸುವ ಡಬ್ಬಿ ಇದು.) ಇನ್‌ಪುಟ್‌ಗೆ ಮೈಕಿನ ಬದಲು 150 ಓಮ್ ರೆಸಿಸ್ಟರ್, ಇಂಟರ್‌ಫೇಸಿನ ಗೇನ್ ತುದಿಯಲ್ಲಿ, ಔಟ್‌ಪುಟ್ ಕೇಬಲ್ಲಿಗೆ ತಾಗಿಸಿ ಇಟ್ಟ ಮೊಬೈಲಿನಲ್ಲಿ 2ಜಿ ಕರೆ. ಇಷ್ಟಾದರೂ ಹೆಡ್‌ಫೋನಿನಲ್ಲಿ ತೆಳ್ಳಗಿನ 'ಶೂ' ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ಬೋರ್ಡಿನಲ್ಲಿ ಇದೇ ಪರೀಕ್ಷೆಗೆ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಗುಂಯ್‌ಗುಟ್ಟುತ್ತಿತ್ತು.

ಕಂಡೆನ್ಸರ್ ಬಿಟ್ಟು ಡೈನಮಿಕ್ ಮೈಕಿನ ಹಿಂದೆ ಬಿದ್ದದ್ದೇಕೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ತೇವದಲ್ಲಿ ಗಿಗಾಓಮ್ ಲೆಕ್ಕದ ಕಂಡೆನ್ಸರ್ ಕ್ಯಾಪ್ಸೂಲ್ ಚಿಟಪಟ ಎನ್ನಲು ಹೆಚ್ಚು ಹೊತ್ತು ಬೇಡ. 150 ಓಮ್‌ನ ಕಾಯಿಲ್ ತೇವಕ್ಕೆ ಜಗ್ಗುವುದಿಲ್ಲ. ಆದರೆ ಅದರ ದನಿ ಸಣ್ಣದು. ಶೂರ್ ಕಂಪನಿಯ ಮೈಕುಗಳಲ್ಲಿ ಎಸ್‌ಎಂ7ಬಿ ಕೊಡುವುದು ಪ್ಯಾಸ್ಕಲ್‌ಗೆ 1.12 ಮಿಲಿವೋಲ್ಟ್, ಎಸ್‌ಎಂ58 ಕೊಡುವುದು 1.85. ತಾಳಮದ್ದಳೆಯಲ್ಲಿ ಚೆಂಡೆ ಬಿದ್ದಾಗ ಇದು ಸಾಕೋ ಸಾಕು. ಚೆಂಡೆ ನಿಂತು ಅರ್ಥಧಾರಿ ಮೆಲುದನಿಗೆ ಇಳಿದಾಗ ಅಗ್ಗದ ಇಂಟರ್‌ಫೇಸಿನ ಶೂಸದ್ದು ಮೇಲೇಳುತ್ತದೆ.

ಸರ್ಕ್ಯೂಟ್ ಎಲ್ಲರಿಗೂ ಗೊತ್ತಿರುವುದೇ. ಎರಡು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್; ಗೇಟು, ಸೋರ್ಸ್, ಡ್ರೈನ್ ಅದರ ಮೂರು ಕಾಲು), ಗೇಟುಗಳು ಮೈಕ್ ಕನೆಕ್ಟರಿನ ಸಿಗ್ನಲ್ ಪಿನ್‌ಗಳಾದ 2 ಮತ್ತು 3ಕ್ಕೆ, ಪ್ರತಿ ಗೇಟಿನಿಂದ ನೆಲಕ್ಕೆ (ಗ್ರೌಂಡ್) 2.2 ಕಿಲೋಓಮ್, ಎರಡೂ ಸೋರ್ಸ್ ಸೇರಿ ಒಂದೇ 39 ಓಮ್. ಡ್ರೈನ್ ಲೋಡ್ ಎಂದರೆ ಇಂಟರ್‌ಫೇಸಿನ ಒಳಗಿರುವ 6.8 ಕಿಲೋಓಮ್ ಫ್ಯಾಂಟಮ್ ರೆಸಿಸ್ಟರುಗಳೇ (ಫ್ಯಾಂಟಮ್ ಎಂದರೆ ಮೈಕ್ ಕೇಬಲ್ಲಿನಲ್ಲೇ ಬರುವ 48 ವೋಲ್ಟ್ ವಿದ್ಯುತ್). ಸಿಗ್ನಲ್ ತಲೆಕೆಳಗಾಗುವುದರಿಂದ 2ನೇ ಪಿನ್ನಿನ ಗೇಟು ಇರುವ ಜೆಫೆಟ್ಟಿನ ಡ್ರೈನನ್ನು ಔಟ್‌ಪುಟ್ಟಿನ 3ಕ್ಕೆ ಕೊಡಬೇಕು. ಇದನ್ನು ಮರೆತರೆ ಪಕ್ಕದಲ್ಲಿ ಇನ್ನೊಂದು ಮೈಕ್ ಇಟ್ಟಾಗ ದನಿ ಟೊಳ್ಳಾಗುತ್ತದೆ.

ಮೊದಲ ಬೋರ್ಡಿಗೆ ಆನ್‌ಲೈನಿನಲ್ಲಿ ತರಿಸಿದ 2ಎಸ್‌ಕೆ170 ಜೆಫೆಟ್ ಹಾಕಿತ್ತು. ಗೇನ್ 25 ಡಿಬಿ ಬರಬೇಕಾದಲ್ಲಿ ಬಂದದ್ದು 18. ಡ್ರೈನಿನಲ್ಲಿ 26 ವೋಲ್ಟ್ ಇರಬೇಕಾದಲ್ಲಿ 13. ತೋಶಿಬಾ ಈ ಭಾಗವನ್ನು ನಿಲ್ಲಿಸಿ ವರ್ಷಗಳಾದವು. ಈಗ ಅಗ್ಗಕ್ಕೆ ಸಿಗುವುದರಲ್ಲಿ ಬಹಳಷ್ಟು, ಯಾವುದೋ ಜೆಫೆಟ್ಟಿನ ಬೆನ್ನಿಗೆ ಹೊಸ ಹೆಸರು ಕೊರೆದದ್ದು. ಹತ್ತು ತರಿಸಿದರೆ ಹತ್ತೂ ಸುಳ್ಳು, ವಾಪಸ್ ಕೇಳಿದರೆ 'ಟೆಸ್ಟ್ ಮಾಡಿಯೇ ಕಳಿಸಿದ್ದು' ಎಂಬ ಉತ್ತರ. ಯಾವ ಟೆಸ್ಟೋ! ಹೆಸರು ಓದುವುದು ಟೆಸ್ಟ್ ಅಲ್ಲ.

ಐಡಿಎಸ್‌ಎಸ್ (ಗೇಟು, ಸೋರ್ಸ್ ಎರಡೂ ನೆಲಕ್ಕೆ ಸೇರಿದಾಗ ಹರಿಯುವ ಕರೆಂಟ್) ಅಳೆದರೆ ಮಾತ್ರ ಸಾಲದು, ಸುಳ್ಳು ತುಂಡೂ ಬಿಎಲ್ ದರ್ಜೆಯ 6ರಿಂದ 12 ಮಿಲಿಆಂಪ್ ಒಳಗೇ ಬೀಳಬಹುದು. 9 ವೋಲ್ಟ್ ಬ್ಯಾಟರಿ ಕೊಟ್ಟು ಎರಡು ಸಲ ಅಳೆಯಿರಿ. ಮೊದಲು ಸೋರ್ಸ್ ನೇರ ನೆಲಕ್ಕೆ, ಆಮೇಲೆ ನಡುವೆ 100 ಓಮ್. ಅಸಲಿಯಲ್ಲಿ 8 ಮಿಲಿಆಂಪ್ ಇದ್ದದ್ದು ಸುಮಾರು 3ಕ್ಕೆ ಇಳಿಯುತ್ತದೆ. ಇಳಿದದ್ದು 4.5ರ ಮೇಲೆಯೇ ನಿಂತರೆ ಅದರ ಟ್ರಾನ್ಸ್‌ಕಂಡಕ್ಟೆನ್ಸ್ (ಗೇಟಿನ ವೋಲ್ಟೇಜಿಗೆ ಕರೆಂಟ್ ಬದಲಾಗುವ ಪ್ರಮಾಣ) ಕಡಿಮೆ, ಈ ಕೆಲಸಕ್ಕೆ ಬಾರದು. ಅಳೆಯುವಾಗ ಬೆರಳಿನಿಂದ ಹಿಡಿಯಬೇಡಿ, ಬಿಸಿಗೆ ರೀಡಿಂಗ್ ಜಾರುತ್ತದೆ. ಎರಡನೇ ಬೋರ್ಡಿಗೆ ಲೀನಿಯರ್ ಸಿಸ್ಟಮ್ಸ್‌ನ ಎಲ್‌ಎಸ್‌ಕೆ170 ಬಂತು. ಬೆಲೆ ಕೈ ಸುಡುತ್ತದೆ, ಆದರೆ ಎಂಟರಲ್ಲಿ ಮೂರು ಒಳ್ಳೆಯ ಜೋಡಿ ಸಿಕ್ಕವು. ಗೇನ್ 25 ಡಿಬಿಗೆ ಬಂತು.

ಗೇನ್ ಬಂದ ಮೇಲೆಯೇ ದುಂಬಿ ಕೇಳಿಸಿದ್ದು.

ಕರೆಂಟಿನ ಹಮ್ ಆಗಿದ್ದರೆ 50 ಅಥವಾ 100 ಹರ್ಟ್ಜ್ ಇರಬೇಕು. ಇದು ಹಾರ್ಮೋನಿಯಂನ ಬಿಳಿ ಆರಕ್ಕಿಂತ ಕೂದಲೆಳೆ ಕೆಳಗಿನ ಶ್ರುತಿ. ಸ್ಪೆಕ್ಟ್ರಮ್ ನೋಡಿದರೆ 217 ಹರ್ಟ್ಜ್, ಜೊತೆಗೆ ಅದರ ಗುಣಕಗಳ ಸಾಲು. ಆಗಲೇ ಕಳ್ಳ ಸಿಕ್ಕಂತಾಯಿತು. ಜಿಎಸ್‌ಎಂ ಫೋನ್ 4.615 ಮಿಲಿಸೆಕೆಂಡಿಗೊಮ್ಮೆ ತನ್ನ ಸರದಿಯಲ್ಲಿ ಕೂಗುತ್ತದೆ, 900 ಬ್ಯಾಂಡಿನಲ್ಲಿ ಗರಿಷ್ಠ 2 ವಾಟ್‌ನಲ್ಲಿ. ಜೆಫೆಟ್ ಆ ರೇಡಿಯೋ ಅಲೆಯನ್ನು ರೆಕ್ಟಿಫೈ ಮಾಡಿ ಕೂಗಿನ ಲಯವನ್ನು ಕಿವಿಗೆ ತಲುಪಿಸುತ್ತದೆ. (ಪರೀಕ್ಷೆಗೆ ಜಿಯೊ ಸಿಮ್ ಆಗದು, ಅದಕ್ಕೆ 2ಜಿ ಜಾಲವೇ ಇಲ್ಲ.)

ಮೊದಲ ಮದ್ದು, ಪುಸ್ತಕದಲ್ಲಿರುವಂತೆ ಪ್ರತಿ ಗೇಟಿಗೆ ಸಾಲಾಗಿ 100 ಓಮ್ ಸ್ಟಾಪರ್, ಅಂದರೆ ರೇಡಿಯೋ ಅಲೆ ತಡೆಯುವ ರೆಸಿಸ್ಟರ್. ದುಂಬಿ ಅರ್ಧಕ್ಕಿಳಿಯಿತು, ಶೂಸದ್ದು ಏರಿತು. ಕಾರಣ ಸರಳ. ಮೈಕ್ 150 ಓಮ್, ಅದಕ್ಕೆ ಸಾಲಾಗಿ 200 ಓಮ್ ಸೇರಿಸಿದಂತಾಯಿತು. 150 ಓಮ್‌ನ ಉಷ್ಣಸದ್ದು ರೂಟ್ ಹರ್ಟ್ಜ್‌ಗೆ 1.55 ನ್ಯಾನೋವೋಲ್ಟ್, ಜೆಫೆಟ್ ಜೋಡಿಯದ್ದು ಸುಮಾರು 1.4, ಹೊಸ ರೆಸಿಸ್ಟರುಗಳದ್ದು 1.8. ಒಟ್ಟು ಲೆಕ್ಕದಲ್ಲಿ 2.4 ಡಿಬಿ ನಷ್ಟ. ಸದ್ದು ಕಡಿಮೆ ಮಾಡಲೆಂದೇ ಕಟ್ಟುವ ಡಬ್ಬಿಯಲ್ಲಿ ಇದನ್ನು ಒಪ್ಪುವಂತಿಲ್ಲ. ಸ್ಟಾಪರ್ ತೆಗೆದು ಫೆರೈಟ್ ಮಣಿ ಹಾಕಿ. ರೇಡಿಯೋ ಅಲೆಗೆ ಅದು ಅಡ್ಡಗೋಡೆ, ಆಡಿಯೋಗೆ ಬರಿಯ ತಂತಿ.

ಎರಡನೇ ಮದ್ದು, ಇನ್‌ಪುಟ್ ಪಿನ್‌ಗಳಿಂದ ನೆಲಕ್ಕೆ 220 ಪಿಕೋಫ್ಯಾರಡ್ ಡಿಸ್ಕ್ ಸೆರಾಮಿಕ್. ಮಂಗಳೂರಿನ ಹಂಪನಕಟ್ಟೆ ಸುತ್ತಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅದೇ. ಒಂದಿಷ್ಟೂ ಫಲವಿಲ್ಲ. ಎರಡೂ ಕಾಲು ಸೇರಿ 10 ಮಿಲಿಮೀಟರ್ ಉಳಿದರೆ ಸುಮಾರು 10 ನ್ಯಾನೋಹೆನ್ರಿ. 107 ಮೆಗಾಹರ್ಟ್ಜ್ ದಾಟಿದ ಮೇಲೆ ಆ ಕೆಪಾಸಿಟರ್ ಕೆಪಾಸಿಟರೇ ಅಲ್ಲ, ಕಾಯಿಲ್. 900ರಲ್ಲಿ 55 ಓಮ್ ತೋರಿಸುತ್ತದೆ. 0805 ಗಾತ್ರದ 100 ಪಿಕೋಫ್ಯಾರಡ್ ಸಿ0ಜಿ ಚಿಪ್ಪನ್ನು (ಕಾಲಿಲ್ಲದ ಸೆರಾಮಿಕ್ ಕೆಪಾಸಿಟರ್) ಪಿನ್ನಿಗೂ ಕನೆಕ್ಟರಿನ ಲೋಹದ ಶೆಲ್ಲಿನ ಟ್ಯಾಗಿಗೂ ನಡುವೆ ನೇರ ಬೆಸೆದರೆ ಅದೇ ಜಾಗದಲ್ಲಿ 4 ಓಮ್.

ಇಷ್ಟಾದ ಮೇಲೂ ದುಂಬಿ ಹೋಗಲಿಲ್ಲ. ಮೈಕ್ ಕಡೆಯಿಂದ ಫೋನ್ ಹತ್ತಿರ ತಂದರೆ ಮೌನ, ಔಟ್‌ಪುಟ್ ಕೇಬಲ್ ಮುಟ್ಟಿದರೆ ಗುಂಯ್. ಫಿಲ್ಟರೆಲ್ಲ ಮುಂಬಾಗಿಲಲ್ಲಿ, ಕಳ್ಳ ಬಂದದ್ದು ಹಿತ್ತಿಲಿನಿಂದ.

ತಪ್ಪು ಇದ್ದದ್ದು 1ನೇ ಪಿನ್ನಿನಲ್ಲಿ, ಕೇಬಲ್ಲಿನ ಶೀಲ್ಡ್ ಸೇರುವ ಪಿನ್ನಿನಲ್ಲಿ. ಎರಡೂ ಕನೆಕ್ಟರುಗಳ 1ನೇ ಪಿನ್‌ನಿಂದ ಬೋರ್ಡಿಗೆ 4 ಸೆಂಟಿಮೀಟರ್ ತಂತಿ, ಬೋರ್ಡಿನಿಂದ ಡಬ್ಬಿಗೆ ಇನ್ನೊಂದು. ಕೇಬಲ್ಲಿನ ಶೀಲ್ಡ್ ಹಿಡಿದು ತಂದ ರೇಡಿಯೋ ಕರೆಂಟ್ ಡಬ್ಬಿಗೆ ಹೋಗಲು ಬೋರ್ಡನ್ನು ಹಾದೇ ಹೋಗಬೇಕು. ಮಲ್ಟಿಮೀಟರಿಗೆ ಆ ತಂತಿ ಸೊನ್ನೆ ಓಮ್. 900 ಮೆಗಾಹರ್ಟ್ಜ್‌ಗೆ ಅದು 200 ಓಮ್‌ಗೂ ಮಿಕ್ಕಿದ್ದು. ಆಡಿಯೋ ತಜ್ಞ ನೀಲ್ ಮನ್ಸಿ 1995ರಲ್ಲೇ ಬಿಡಿಸಿ ಹೇಳಿದ 'ಪಿನ್ 1 ಸಮಸ್ಯೆ' ಇದೇ. ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಎಇಎಸ್48 ಮಾನದಂಡ ಹೇಳುವುದೂ ಇದನ್ನೇ: ಶೀಲ್ಡ್ ಮೊದಲು ಡಬ್ಬಿಗೆ ಸೇರಬೇಕು. ಹಾಗಾಗಿ ಮೂರನೇ ಬೋರ್ಡಿನಲ್ಲಿ ಎರಡೂ ಕಡೆ 1ನೇ ಪಿನ್ನನ್ನು ಶೆಲ್ ಟ್ಯಾಗಿಗೆ ಬಗ್ಗಿಸಿ ಅಲ್ಲೇ ಬೆಸುಗೆ, ಬೋರ್ಡಿನ ನೆಲ ಇನ್‌ಪುಟ್ ಟ್ಯಾಗಿನ ಒಂದೇ ಜಾಗಕ್ಕೆ, ಡ್ರೈನುಗಳಿಗೂ ಮಣಿ ಮತ್ತು ಚಿಪ್.

ಆಮೇಲೂ ಸಣ್ಣ ಗುಂಯ್ ಉಳಿದಿತ್ತು, ಮುಚ್ಚಳ ಒತ್ತಿದರೆ ಮಾಯ. ಮೀಟರ್ ಹಿಡಿದರೆ ಮುಚ್ಚಳಕ್ಕೂ ಡಬ್ಬಿಗೂ ಸಂಪರ್ಕವೇ ಇಲ್ಲ. ಅಂಚಿಗೂ ಪೌಡರ್ ಕೋಟಿಂಗ್! ಅಂಚು ಮತ್ತು ಕನೆಕ್ಟರ್ ಕೂರುವ ಜಾಗದಲ್ಲಿ ಬಣ್ಣವನ್ನು ಬೆಳ್ಳಗಾಗುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ 0.1 ಓಮ್. ದುಂಬಿ ಪೂರ್ತಿ ನಿಂತದ್ದು ಆ ಕ್ಷಣ. ಬಣ್ಣದ ಡಬ್ಬಿ ನೋಡಲು ಚೆಂದ, ಆದರೆ ಬರಿ ಅಲ್ಯೂಮಿನಿಯಂ ಡಬ್ಬಿಯೇ ಲೇಸು.

ನಡುವೆ ಮುಂದಿನ ಯೋಜನೆ ತಲೆಗೆ ಹೊಕ್ಕಿದೆ. ಪ್ರತಿ ಕಡೆ ಎರಡೆರಡು, ಒಟ್ಟು ನಾಲ್ಕು ಜೆಫೆಟ್. 150 ಓಮ್ ಮೈಕಿಗೆ ಇದರಿಂದ ಸಿಗುವ ಲಾಭ ಬರೀ 1 ಡಿಬಿ, ಖರ್ಚಿಗೆ ತಕ್ಕದ್ದಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಅನುಪಾತ ಕಡಿಮೆ ಇಟ್ಟ ರಿಬ್ಬನ್ ಮೈಕಿನ ಇಂಪೀಡೆನ್ಸ್ 50 ಓಮ್‌ಗೆ ಇಳಿದರೆ ಲಾಭ ಹೆಚ್ಚುತ್ತದೆ. ಮದ್ದಳೆಯ ಎಡಭಾಗದ ಮಂದ್ರಕ್ಕೆ ರಿಬ್ಬನ್ ಇಟ್ಟು ಕೇಳಬೇಕೆಂಬ ಆಸೆ ಬಹಳ ದಿನದ್ದು. 2.5 ಮೈಕ್ರಾನ್ ಅಲ್ಯೂಮಿನಿಯಂ ಹಾಳೆ ಎಲ್ಲಿ ಸಿಗುತ್ತದೆ ಎಂಬುದೇ ಈಗಿನ ಹುಡುಕಾಟ. ಗೇಟು ನಡುವೆ ಇರುವುದರಿಂದ ಫ್ಯಾಂಟಮ್ ರಿಬ್ಬನ್ನಿಗೆ ತಲುಪುವುದಿಲ್ಲ, ಆ ಭಯ ಬೇಡ.

ಕಟ್ಟುವವರಿಗೆ ಇನ್ನೆರಡು ಮಾತು. 25 ಡಿಬಿ ಎಂಬುದು 3 ಕಿಲೋಓಮ್ ಇನ್‌ಪುಟ್ಟಿನ ಲೆಕ್ಕ. ಇಂಟರ್‌ಫೇಸ್ 1.5 ಕಿಲೋಓಮ್ ಆದರೆ ಇದೇ ಬೋರ್ಡ್ 20 ಕೊಡುತ್ತದೆ, ಬೋರ್ಡಿನ ತಪ್ಪಲ್ಲ. ಇಂಟರ್‌ಫೇಸಿನ ಸ್ವಂತ ಸದ್ದು ಮೈನಸ್ 128 ಡಿಬಿಯು ಹತ್ತಿರವಿದ್ದರೆ (ಮೈನಸ್ ಅಂಕಿ ದೊಡ್ಡದಾದಷ್ಟೂ ಸದ್ದು ಕಡಿಮೆ) ಬೂಸ್ಟರಿನಿಂದ ಗೇನ್ ಹೆಚ್ಚೀತು, ಶೂಸದ್ದು ಹೆಚ್ಚೇನೂ ಇಳಿಯದು. ಮೈನಸ್ 120ರ ಆಸುಪಾಸಿನದಾದರೆ ವ್ಯತ್ಯಾಸ ಮೊದಲ ಮಾತಿಗೇ ಕೇಳುತ್ತದೆ.

ಮಳೆಗಾಲದ ಚಿಟಪಟ ಈ ಡಬ್ಬಿಗೂ ಬರಬಹುದು, ಮೈಕಿನಿಂದಲ್ಲ, ಔಟ್‌ಪುಟ್ ಕನೆಕ್ಟರಿನಿಂದ. ಅಲ್ಲಿ ಪಿನ್‌ಗಳ ನಡುವೆ 26 ವೋಲ್ಟ್ ನಿಂತಿದೆ. ಫ್ಲಕ್ಸ್ ಉಳಿಕೆ, ಉಪ್ಪುಗಾಳಿ, ತೇವ ಮೂರೂ ಸೇರಿದರೆ ಸೋರಿಕೆ ಶುರು. ಬೆಸುಗೆ ಮುಗಿದ ಮೇಲೆ ಐಸೋಪ್ರೊಪೈಲ್‌ನಲ್ಲಿ ಬ್ರಷ್ ಹಾಕಿ ತೊಳೆಯಿರಿ, ಡಬ್ಬಿ ಮುಚ್ಚುವ ಮೊದಲು ಅರ್ಧ ಗಂಟೆ ಬಲ್ಬಿನ ಬಿಸಿಗೆ ಇಡಿ. ಉಜ್ಜಿದ ಅಂಚಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಇಲ್ಲದಿದ್ದರೆ ಬಿಳಿ ಪುಡಿ ಹಿಡಿದು ದುಂಬಿ ಮತ್ತೆ ಒಳಗೆ ಬಂದೀತು. ಆಟಿ ಮುಗಿದು ಬರುವ ಸೋಣ ತಿಂಗಳಲ್ಲಿ ಮುಚ್ಚಳದ ಆ 0.1 ಓಮ್ ಮತ್ತೆ ಅಳೆಯಲಿಕ್ಕಿದೆ.