ಲಿಂಕ್ ಕಳಿಸಿ ಅನ್ನಬೇಡಿ

“ಸಾರ್, ಹಳೇ ಎಂಜಿ ಕಾರಿಗೆ ಒಳ್ಳೇ ಟೂಲ್ಸ್ ಎಲ್ಲಿ ಸಿಗುತ್ತೆ? ಒಂದು ಲಿಂಕ್ ಕಳಿಸಿ.”

ನನ್ನ ಹತ್ತಿರ 1948ರ ಎಂಜಿ ಟಿಸಿ ಎಂಬ ಹಳೇ ಇಂಗ್ಲಿಷ್ ಕಾರು ಇದೆ. ಅದರ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಇಷ್ಟು ಗೊತ್ತಾದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರೂ ಕೇಳಿದ್ದಾರೆ. ಮೊದಮೊದಲು ಖುಷಿಯಿಂದಲೇ ಹೇಳುತ್ತಿದ್ದೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಲಿಂಕ್ ಇಲ್ಲ. ಸೆಟ್ಟೂ ಇಲ್ಲ. ಈ ಕಾರಿಗೆ ಬೇಕಾದ್ದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುವ ಅಂಗಡಿಯನ್ನು ನಾನು ನೋಡಿಲ್ಲ. ಮೊದಲು ನಿಮ್ಮ ಕಾರು ಯಾವುದು ಹೇಳಿ. ‘ಎಂಜಿ’ ಅಂದರೆ ಸಾಲದು. 1962ರಿಂದ 1980ರವರೆಗೆ ಬಂದ ಎಂಜಿಬಿ ಆದರೆ ಬಹುಪಾಲು ಕೆಲಸ 7/16, 1/2, 9/16 ಇಂಚಿನ ಸಾಮಾನ್ಯ ಸ್ಪ್ಯಾನರ್‌ಗಳಲ್ಲಿ ಆಗುತ್ತದೆ. ನನ್ನ ಟಿಸಿ ಹಾಗಲ್ಲ. ಅದು 1945ರಿಂದ 1949ರವರೆಗೆ ತಯಾರಾದ ಕಾರು. ಇಂಗ್ಲೆಂಡ್, ಅಮೆರಿಕ, ಕೆನಡಾ ಮೂರೂ ಕೂತು ಒಂದೇ ಅಳತೆಯ ಥ್ರೆಡ್‌ಗೆ, ಅಂದರೆ ಬೋಲ್ಟಿನ ತಿರುಪಿಗೆ, ಒಪ್ಪಿಕೊಂಡದ್ದು 1948ರ ಕೊನೆಯಲ್ಲಿ. ಟಿಸಿ ಅದಕ್ಕಿಂತ ಹಿಂದಿನ ಲೆಕ್ಕದ್ದು.

ಇದನ್ನು ಹೇಳಿದರೆ ಎದುರಿನವರು ಒಂದು ಮಾತು ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ. “ನನ್ನ ಹತ್ತಿರ ದೊಡ್ಡ ಸೆಟ್ ಇದೆ ಸಾರ್, ಅದರಲ್ಲಿ ಯಾವುದಾದ್ರೂ ಒಂದು ಕೂತ್ಕೊಳ್ಳುತ್ತೆ ಅಲ್ವಾ?”

ಕೂರುತ್ತದೆ. ಕೂರುವುದೇ ತೊಂದರೆ.

ಚಿಕ್ಕಮಗಳೂರಿನ ಒಂದು ಕಾಫಿ ತೋಟದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ತಾತನ ಟಿಸಿ ಶೆಡ್ಡಿನಲ್ಲಿತ್ತು. ಅದನ್ನು ಓಡಿಸಬೇಕು ಅಂತ ಅವನಿಗೆ ನಿಜವಾದ ಆಸೆ. “ಅಂಕಲ್, ಸಂಪ್ ಬಿಚ್ಚಬೇಕು, ಬೋಲ್ಟ್ ಬರ್ತಾ ಇಲ್ಲ, ಗಟ್ಟಿ ಸ್ಪ್ಯಾನರ್ ಯಾವ್ದು ತಗೊಳ್ಳಲಿ?” ಅಂದ. ಸಂಪ್ ಅಂದರೆ ಎಂಜಿನ್ ತಳದಲ್ಲಿರುವ ಆಯಿಲ್ ತಟ್ಟೆ. ಮುಟ್ಟಬೇಡ, ನಾನು ಬರುತ್ತೇನೆ ಅಂದೆ. ಹೋಗುವಷ್ಟರಲ್ಲಿ ಮುಟ್ಟಿಯಾಗಿತ್ತು. ಕಾರಿನಡಿ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಸಾಲಾಗಿ ಬೋಲ್ಟ್ ತಲೆಗಳು. ಆರು ಮೂಲೆಯೂ ಸವೆದು ದುಂಡಗಾಗಿದ್ದವು, ಸವೆದ ಜಾಗ ಹೊಸ ಲೋಹದ ಹಾಗೆ ಮಿನುಗುತ್ತಿತ್ತು. ಪಕ್ಕದಲ್ಲಿ 14 ಮಿಲಿಮೀಟರ್‌ನ ರಿಂಗ್ ಸ್ಪ್ಯಾನರ್ ಬಿದ್ದಿತ್ತು.

ಉಳಿದಿದ್ದ ಒಂದು ಒಳ್ಳೆ ಬೋಲ್ಟ್‌ಗೆ ವರ್ನಿಯರ್ ಅನ್ನುವ ಅಳತೆಯ ಸಾಧನ ಹಿಡಿದು ಅವನಿಗೇ ಓದಲು ಹೇಳಿದೆ. “13.3 ಅಂಕಲ್.” ಹೌದು, 0.525 ಇಂಚು, ಲೆಕ್ಕ ಹಾಕಿದರೆ 13.335 ಮಿಲಿಮೀಟರ್. 13ರ ಸ್ಪ್ಯಾನರ್ ಒಳಗೇ ಹೋಗುವುದಿಲ್ಲ. 14 ಹೋಗುತ್ತದೆ, ಆದರೆ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ಸಡಿಲ. ಎಪ್ಪತ್ತು ವರ್ಷದಿಂದ ಕೂತಿರುವ ಬೋಲ್ಟ್‌ಗೆ ಅಷ್ಟು ಸಡಿಲದಲ್ಲಿ ಬಲ ಹಾಕಿದರೆ ಸ್ಪ್ಯಾನರ್ ಮಗ್ಗುಲು ಹಿಡಿಯದೆ ಮೂಲೆಯನ್ನು ಕೆರೆಯುತ್ತದೆ. ಸ್ಪ್ಯಾನರ್ ಎಷ್ಟು ಗಟ್ಟಿಯೋ ಬೋಲ್ಟ್ ಅಷ್ಟು ಬೇಗ ಹಾಳು. ಅವನು ಕೇಳಿದ್ದು ಗಟ್ಟಿ ಸ್ಪ್ಯಾನರ್, ಬೇಕಾಗಿದ್ದದ್ದು ಸರಿಯಾದ ಬಾಯಿ.

ಆ ಬಾಯಿಯ ಹೆಸರು 1/4 ವಿಟ್‌ವರ್ತ್. ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್ 1841ರಲ್ಲಿ ಮುಂದಿಟ್ಟ ಅಳತೆಗಳು ಇವು. ಈ ಸ್ಪ್ಯಾನರ್ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ತಲೆಯ ಅಗಲ ಅಲ್ಲ. ಹಾಗಾಗಿ ಕಾಲು ಇಂಚು ಅಂತ ಬರೆದಿದ್ದರೂ ಬಾಯಿ ಅರ್ಧ ಇಂಚಿಗಿಂತ ದೊಡ್ಡದು. ಎಷ್ಟೋ ಸ್ಪ್ಯಾನರ್‌ಗಳ ಮೇಲೆ ಒಂದೇ ಬಾಯಿಗೆ 1/4 ವಿಟ್‌ವರ್ತ್, 5/16 ಬಿಎಸ್‌ಎಫ್ ಅಂತ ಎರಡು ಅಳತೆ ಅಚ್ಚಾಗಿರುತ್ತದೆ. ಬಿಎಸ್‌ಎಫ್ ಇಂಗ್ಲೆಂಡಿನದೇ ಇನ್ನೊಂದು ಥ್ರೆಡ್ ಅಳತೆ. ಗಾಬರಿ ಬೇಡ, ಎರಡಕ್ಕೂ ಬಾಯಿ ಒಂದೇ. 5/16 ವಿಟ್‌ವರ್ತ್ ಅಂದರೆ 0.600 ಇಂಚು, 3/8 ಅಂದರೆ 0.710 ಇಂಚು. ಇವುಗಳಲ್ಲಿ 3/8 ಮಾತ್ರ ನಮ್ಮ 18 ಮಿಲಿಮೀಟರ್‌ಗೆ ಹತ್ತಿರ ಬರುತ್ತದೆ. ಉಳಿದದ್ದಕ್ಕೆ ಮಿಲಿಮೀಟರ್ ಸ್ಪ್ಯಾನರ್ ಹಾಕುವ ಯೋಚನೆಯೇ ಬೇಡ.

ಹುಡುಗ ಬುದ್ಧಿವಂತ. “ಹಾಗಾದ್ರೆ ಹಳೇ ಬೋಲ್ಟ್ ಹೇಗಾದ್ರೂ ತೆಗೆದು ಊರಲ್ಲಿ ಸಿಗೋ 8 ಎಂಎಂ ಬೋಲ್ಟ್ ಹಾಕ್ತೀನಿ” ಅಂದ. ಅಲ್ಲಿ ಇನ್ನೊಂದು ಗುಂಡಿ ಇದೆ. ಟಿಸಿಯ ಎಂಜಿನ್ ಮಾರಿಸ್ ಕಾರುಗಳ ಎಂಜಿನ್ ವಂಶದ್ದು. ಮಾರಿಸ್ ಕಂಪನಿ 1923ರಲ್ಲಿ ಕೊವೆಂಟ್ರಿಯಲ್ಲಿದ್ದ ಫ್ರೆಂಚ್ ಹಾಚ್‌ಕಿಸ್ ಕಂಪನಿಯ ಕಾರ್ಖಾನೆಯನ್ನು ಕೊಂಡುಕೊಂಡಿತು. ಅಲ್ಲಿನ ಯಂತ್ರಗಳೆಲ್ಲ ಮಿಲಿಮೀಟರ್ ಥ್ರೆಡ್ ಹಾಕುವಂಥವು. ಯಂತ್ರ ಬದಲಾಯಿಸುವುದು ದುಬಾರಿ, ಇಂಗ್ಲೆಂಡಿನ ಮೆಕ್ಯಾನಿಕ್‌ಗಳ ಕೈಯಲ್ಲಿ ಇದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಹಾಗಾಗಿ ಥ್ರೆಡ್ ಮಿಲಿಮೀಟರ್, ತಲೆ ವಿಟ್‌ವರ್ತ್. ಅದೇ ಲೆಕ್ಕ ಟಿಸಿವರೆಗೂ ನಡೆದು ಬಂತು. ಅದರ ಮೇಲೆ ಅದರ 8 ಮಿಲಿಮೀಟರ್ ಬೋಲ್ಟ್‌ನ ಪಿಚ್, ಅಂದರೆ ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ, 1.0 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವುದು 1.25. ಮೊದಲ ಎರಡು ಸುತ್ತು ಹೋದ ಹಾಗೆ ಮಾಡುತ್ತದೆ, ಆಮೇಲೆ ಬಿಗಿಯಾಗುತ್ತದೆ. ತುಕ್ಕು ಇರಬೇಕು ಅಂತ ಬಲ ಹಾಕಿದರೆ ಎಂಜಿನ್ ಬ್ಲಾಕಿನ ಥ್ರೆಡ್ ಮುಗಿಯಿತು. ಬೋಲ್ಟ್ ಹೋದರೆ ಇನ್ನೊಂದು ತರಿಸಬಹುದು. ಬ್ಲಾಕ್ ಎಲ್ಲಿಂದ ತರುತ್ತೀರಿ? ಪ್ರಪಂಚಕ್ಕೆಲ್ಲ ಸೇರಿ ಸುಮಾರು 10,000 ಟಿಸಿ ತಯಾರಾಗಿದ್ದವು, ಅಷ್ಟೇ.

ಅದಕ್ಕೇ ನಾನು ಮೊದಲು ಕೊಳ್ಳಿ ಅನ್ನುವುದು ಸ್ಪ್ಯಾನರ್ ಅಲ್ಲ. ಒಂದು ಒಳ್ಳೆ ವರ್ನಿಯರ್, ಪಿಚ್ ನೋಡಲು ಒಂದು ಥ್ರೆಡ್ ಗೇಜ್. ಇವೆರಡೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತವೆ.

ಸರಿ, ಸ್ಪ್ಯಾನರ್ ಎಲ್ಲಿ? ಹಳೇ ಬುಲೆಟ್ ಕೆಲಸ ಮಾಡುವ ಮೆಕ್ಯಾನಿಕ್‌ಗಳನ್ನು ಮೊದಲು ಕೇಳಿ. ಹಳೆಯ ಬುಲೆಟ್‌ನಲ್ಲೂ ಇದೇ ಅಳತೆಗಳಿದ್ದವು, ಅವರ ಪೆಟ್ಟಿಗೆಯ ತಳದಲ್ಲಿ ಒಂದೆರಡು ಇದ್ದೇ ಇರುತ್ತವೆ. ಆಮೇಲೆ ಗುಜರಿ. ಬೆಂಗಳೂರಿನ ಸಂಡೇ ಬಜಾರ್‌ಗೆ ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಸುಮ್ನೆ ತಿರುಗಾಟ. ನನ್ನ ದೊಡ್ಡ ಸ್ಪ್ಯಾನರ್‌ಗಳಲ್ಲಿ ಕೆಲವನ್ನು ಕೆಜಿಎಫ್ ಕಡೆಯದು ಅಂತ ಹೇಳಿ ಮಾರಿದರು. ನಂಬುವ ಮಾತೇ. ಆ ಗಣಿಗಳನ್ನು 1880ರಿಂದ ದಶಕಗಟ್ಟಲೆ ನಡೆಸಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್. 2001ರಲ್ಲಿ ಗಣಿ ಮುಚ್ಚಿತು. ಕಿಂಗ್ ಡಿಕ್, ಬ್ರಿಟೂಲ್, ಗಾರ್ಡನ್ ಎಂಬ ಹೆಸರು ಅಚ್ಚಾಗಿರುವ ಹಳೇ ಇಂಗ್ಲಿಷ್ ಸ್ಪ್ಯಾನರ್ ಕಂಡರೆ ತುಕ್ಕಿದ್ದರೂ ಎತ್ತಿಕೊಳ್ಳಿ. ತುಕ್ಕು ಬಿಡಿಸಬಹುದು.

ಆದರೆ ಬಾಯಿ ನೋಡದೆ ದುಡ್ಡು ಕೊಡಬೇಡಿ. ನಮ್ಮ ಕಡೆ ಸ್ಪ್ಯಾನರ್ ಬಾಯಿಯನ್ನು ಗ್ರೈಂಡ್ ಮಾಡಿ ಅಗಲ ಮಾಡುವ ಅಭ್ಯಾಸ ಇದೆ. ಒಳಮಗ್ಗುಲಲ್ಲಿ ಗೀರುಗಳು ಕಂಡರೆ ಅದು ಆ ಅಳತೆಯ ಸ್ಪ್ಯಾನರ್ ಅಲ್ಲ. ವರ್ನಿಯರ್‌ನಲ್ಲಿ ಬಾಯಿಯ ತುದಿ, ಒಳಗು ಎರಡೂ ಅಳೆಯಿರಿ. ತುದಿ ಅಗಲವಾಗಿದ್ದರೆ ಯಾರೋ ಪೈಪ್ ಹಾಕಿ ಎಳೆದಿದ್ದಾರೆ. ನೀಲಿ ಬಣ್ಣ ತಿರುಗಿದ್ದರೆ ಬೆಂಕಿಗೆ ಹಿಡಿದಿದ್ದಾರೆ, ಗಟ್ಟಿತನ ಹೋಗಿದೆ.

ಸಾಕೆಟ್ ಹೊಸದನ್ನೇ ತಗೊಳ್ಳಿ. ಜಪಾನಿನ ಕೋಕೆನ್ ಕಂಪನಿ ವಿಟ್‌ವರ್ತ್ ಸಾಕೆಟ್ ಮಾಡುತ್ತದೆ. ಬೆಲೆ ಜಾಸ್ತಿ, ಆದರೂ ನಾನು ಕಣ್ಣು ಮುಚ್ಚಿ ಕೊಂಡೆ. ಆಯ್ಕೆ ಇದ್ದರೆ 6 ಮೂಲೆಯದು, 12 ಮೂಲೆಯದಲ್ಲ. ಈ ಕಾರಿನ ಕಡ್ಡಿ ಚಕ್ರ, ಅಂದರೆ ವೈರ್ ವೀಲ್, ಬಿಚ್ಚಲು ತಾಮ್ರದ ಮುಖದ ಸುತ್ತಿಗೆ ಬೇಕೇ ಬೇಕು, ಕಬ್ಬಿಣದ್ದು ಚಕ್ರದ ನಡುವೆ ಇರುವ, ಹೊಡೆದು ಬಿಚ್ಚುವ ನಾಕ್-ಆಫ್ ನಟ್‌ನ ಕಿವಿಗಳನ್ನು ಜಜ್ಜಿಬಿಡುತ್ತದೆ. ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಎರಡು ಎಸ್‌ಯು ಕಾರ್ಬ್ಯುರೇಟರ್ ಸಮ ಮಾಡಲು ದುಬಾರಿ ಮೀಟರ್ ಬೇಡ. ಒಂದು ರಬ್ಬರ್ ಟ್ಯೂಬನ್ನು ಕಿವಿಗಿಟ್ಟುಕೊಂಡು ಎರಡೂ ಬಾಯಿಯ ಗಾಳಿಯ ಸದ್ದು ಒಂದೇ ಆಗುವವರೆಗೆ ತಿರುಗಿಸಿದರೆ ಸಾಕು. ಇಂಗ್ಲೆಂಡಿನಲ್ಲಿ ನೆಂಟರಿದ್ದರೆ ಸೆಪ್ಟೆಂಬರ್‌ನಲ್ಲಿ ಹ್ಯಾಂಪ್‌ಶೈರ್‌ನ ಬ್ಯೂಲಿ ಎಂಬಲ್ಲಿ ಹಳೇ ಕಾರು ಸಾಮಾನಿನ ದೊಡ್ಡ ಸಂತೆ ನಡೆಯುತ್ತದೆ, 1967ರಿಂದಲೂ ಇದೆ, ಅವರನ್ನು ಅಲ್ಲಿಗೆ ಕಳಿಸಿ.

ಇಷ್ಟು ಹೇಳಿದ ಮೇಲೂ ಜನ ಕೇಳದೇ ಬಿಡುವ ಒಂದು ಪ್ರಶ್ನೆ ಇದೆ. ನನ್ನ ಶೆಡ್ಡಿಗೆ ಬಂದವರು ಗೋಡೆಯ ಮೇಲಿನ ಸ್ಪ್ಯಾನರ್‌ಗಳ ಫೋಟೋ ತೆಗೆಯುತ್ತಾರೆ. ಬೆಂಚಿನ ಮೇಲೆ ಎರಡು ಕಪ್ಪನೆಯ ದಪ್ಪ ಉಕ್ಕಿನ ಬಟ್ಟಲುಗಳಿವೆ, ಒಂದೊಂದರ ನಡುವೆಯೂ ದೊಡ್ಡ ಬೋಲ್ಟ್. ಇದನ್ನು ಯಾರು ಮಾಡಿದರು ಅಂತ ಒಬ್ಬರೂ ಕೇಳಿಲ್ಲ. ಕೇಳಬೇಕಾದ್ದು ಅದು.

ಅದು ಹಿಂಬದಿಯ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಕೀಳುವ ಪುಲ್ಲರ್. ಟಿಸಿಯ ಹಿಂದಿನ ಹಬ್ ಓರೆ ಶಾಫ್ಟ್ ಮೇಲೆ ಬಿಗಿಯಾಗಿ ಕೂತಿರುತ್ತದೆ. ಎರಡು ಮೂರು ಕಾಲಿನ ಸಾಮಾನ್ಯ ಪುಲ್ಲರ್ ಹಾಕಿದರೆ ಕಾಲು ಬಾಗುತ್ತದೆ, ಹಬ್ ಅಲ್ಲಾಡುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಬೇರಿಂಗ್‌ಗೆ ಏಟು. ನಾಕ್-ಆಫ್ ನಟ್ ಕೂರುವ ಹಬ್ಬಿನ ಥ್ರೆಡ್‌ಗೇ ಪುಲ್ಲರನ್ನು ಪೂರ್ತಿ ತಿರುಗಿಸಿ ಹಾಕಿ, ನಡುವಿನ ಬೋಲ್ಟ್‌ನಿಂದ ಶಾಫ್ಟನ್ನು ಒತ್ತಬೇಕು. ಕಾರಿನ ಎಡಗಡೆ ಥ್ರೆಡ್ ಮಾಮೂಲಿ, ಬಲಗಡೆ ಉಲ್ಟಾ. ಹಾಗಾಗಿ ಎರಡು ಪುಲ್ಲರ್ ಬೇಕು. ಇಂಗ್ಲೆಂಡಿನಿಂದ ತರಿಸಬಹುದಿತ್ತು. ನಾನು ಬೆಂಗಳೂರಿನ ಪೀಣ್ಯಕ್ಕೆ ಹೋದೆ.

ಅಲ್ಲಿ ಒಬ್ಬ ಹಿರಿಯರ ಸಣ್ಣ ಲೇತ್ ಅಂಗಡಿ ಇದೆ. ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ ಎಂಬ ಸರ್ಕಾರಿ ಕಾರ್ಖಾನೆಗಳು ಬಂದ ಮೇಲೆ ಇಂಥವರ ಒಂದು ದೊಡ್ಡ ತಲೆಮಾರೇ ತಯಾರಾಯಿತು. “ಹಬ್ ಕಾರಲ್ಲೇ ಇದೆಯಲ್ಲ ಸ್ವಾಮಿ, ಅಳತೆ ಹೇಗೆ ಕೊಡ್ತೀರಿ?” ಅಂತ ಕೇಳಿದರು. ಆಮೇಲೆ ಅವರೇ ದಾರಿ ಹೇಳಿದರು. ನಾಕ್-ಆಫ್ ನಟ್ ತರಿಸಿಕೊಂಡು, ಅದರೊಳಗೆ ಸರಿಯಾಗಿ ಕೂರುವ ಗೇಜ್ ಒಂದನ್ನು ಮೊದಲು ಮಾಡಿದರು. ಆ ಗೇಜ್‌ಗೆ ಹೊಂದುವ ಹಾಗೆ ಇಎನ್ 24 ಎಂಬ ಗಟ್ಟಿ ಉಕ್ಕಿನಲ್ಲಿ ಪುಲ್ಲರ್ ಕೊರೆದರು. ಉಲ್ಟಾ ಥ್ರೆಡ್‌ಗೆ ಲೇತಿನ ಗೇರು ಬದಲಾಯಿಸಿ ಟೂಲನ್ನು ಎಡದಿಂದ ಬಲಕ್ಕೆ ನಡೆಸಿದರು. ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ತೆಗೆದು, ಗೇಜ್ ಹಾಕಿ ನೋಡಿ, ಮತ್ತೆ ತೆಗೆದು. ಕೊನೆಗೆ ಗೇಜ್ ಬೆರಳ ತುದಿಯಲ್ಲೇ ತಿರುಗಿಕೊಂಡು ಒಳಗೆ ಹೋಯಿತು, ಅಲುಗಾಟವಿಲ್ಲ. ಅದನ್ನು ನೋಡುತ್ತಾ ನಿಂತಾಗ ನನಗಾದ ಸಂತೋಷ ಯಾವ ಹೊಸ ಸೆಟ್ ಬಿಚ್ಚಿದಾಗಲೂ ಆಗಿಲ್ಲ. ಕೂಲಿ ಕೇಳಿದ್ದು ಬಹಳ ಕಡಿಮೆ. ನಾನು ಜಾಸ್ತಿ ಕೊಟ್ಟೆ, ನೀವೂ ಕೊಡಿ.

ಈಗ ಆ ಅಂಗಡಿ ವಾರದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತದೆ. ಪಕ್ಕದ ಅಂಗಡಿಗಳಲ್ಲೆಲ್ಲ ಕಂಪ್ಯೂಟರ್ ಯಂತ್ರ ಬಂದಿವೆ. ಅಲ್ಲಿಯವರು ಸಾವಿರ ಪೀಸ್ ಇದ್ದರೆ ಮಾಡುತ್ತಾರೆ, ಒಂದೆರಡಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ ಟೂಲ್ಸ್ ಬೇಕಿರುವವರು ಬೇಗ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಹಬ್ ಕೀಳುವುದಿದ್ದರೆ ಎರಡೂ ಕಡೆಯ ನಾಕ್-ಆಫ್ ನಟ್ ಬೇಕು. ಚಕ್ರ ಮುಂದೆ ಉರುಳುವ ದಿಕ್ಕಿಗೆ ಹೊಡೆದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು, ಥ್ರೆಡ್ ಒಳಗಿನ ಗ್ರೀಸ್ ಬ್ರಷ್‌ನಲ್ಲಿ ಪೂರ್ತಿ ತೆಗೆದು, ಎಡ ಯಾವುದು ಬಲ ಯಾವುದು ಅಂತ ಚೀಟಿ ಕಟ್ಟಿ ತನ್ನಿ. ಆ ಹಿರಿಯರಿಗೆ ಕೊಳಕು ಥ್ರೆಡ್ ಕಂಡರೆ ಆಗುವುದಿಲ್ಲ.