ಅಕ್ಟೋಬರ್‌ನಲ್ಲಿ ಮಾರಿ ಜೂನ್‌ನಲ್ಲಿ ಕೊಳ್ಳುವ ರೈತ: ನೈಜರ್‌ನ ಮೂರು ಪದರದ ಚೀಲ, ಎರಡು ಬೀಗದ ಉಗ್ರಾಣ

ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ಸಜ್ಜೆ, ಅಲಸಂದೆ ಕಣಕ್ಕೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆಗಾಲ ಒಂದೇ, ಮಳೆ ನಂಬಿದ ಬೆಳೆಯೂ ಒಂದೇ. ಸುಗ್ಗಿ ಮುಗಿಯುತ್ತಿದ್ದಂತೆ ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಮದುವೆ, ಬಟ್ಟೆ, ಔಷಧಿಯ ಖರ್ಚೂ ಆಗಲೇ ಬರುತ್ತದೆ. ಊರಿನವರೆಲ್ಲ ಒಟ್ಟಿಗೆ ಮಾರುವುದರಿಂದ ಬೆಲೆ ನೆಲ ಕಚ್ಚಿರುತ್ತದೆ. ಜೂನ್ ಬರುವಷ್ಟರಲ್ಲಿ ಮನೆಯ ಕಾಳು ಖಾಲಿ. ಹೊಲದಲ್ಲಿ ದುಡಿಮೆ ಅತಿ ಹೆಚ್ಚಿರುವ ಆ ತಿಂಗಳುಗಳಲ್ಲೇ, ತಾನು ಮಾರಿದಂಥ ಕಾಳನ್ನೇ ದುಬಾರಿ ಬೆಲೆಗೆ ಕೊಳ್ಳಬೇಕು. ಅಲ್ಲಿನ ಆಡಳಿತದ ಫ್ರೆಂಚಿನಲ್ಲಿ ಈ ಕಾಲಕ್ಕೆ ‘ಸೂದ್ಯೂರ್’ ಎನ್ನುತ್ತಾರೆ, ಅಂದರೆ ಬೆಸುಗೆ. ಹಳೆಯ ಬೆಳೆಯನ್ನೂ ಹೊಸ ಬೆಳೆಯನ್ನೂ ಹೇಗೋ ಬೆಸೆದುಕೊಂಡು ಬದುಕಬೇಕಾದ ದಿನಗಳು.

ಸಣ್ಣ ರೈತರಿಗೆ ವಿದೇಶಿ ನೆರವು ಎಂದರೆ ನೆನಪಾಗುವುದು ಬೀಜ, ಗೊಬ್ಬರ, ಪಂಪ್‌ಸೆಟ್. ಇಳುವರಿ ಹೆಚ್ಚಬೇಕು, ನಿಜ. ಆದರೆ ಬೆಳೆದದ್ದನ್ನು ಆರು ತಿಂಗಳು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲದವನಿಗೆ ಹೆಚ್ಚಿದ ಇಳುವರಿಯೂ ಅಕ್ಟೋಬರ್ ಬೆಲೆಗೇ ಕೈಬಿಡುತ್ತದೆ. ಹಿಡಿದಿಟ್ಟುಕೊಳ್ಳಲು ಬಿಡದಿರುವುದು ಎರಡು: ಹುಳು ಮತ್ತು ಸಾಲ. ನೆರವಿನ ಹಣದಿಂದ ಎರಡಕ್ಕೂ ಅಗ್ಗದ, ಕೆಲಸ ಮಾಡುವ ಉಪಾಯ ಸಿಕ್ಕಿದೆ.

ಮೊದಲು ಹುಳು. ಅಲಸಂದೆಗೆ ಬೀಳುವ ಕಾಳು ದುಂಬಿ ಕಾಳಿನ ಮೇಲೆಯೇ ಮೊಟ್ಟೆ ಅಂಟಿಸುತ್ತದೆ. ಮರಿ ನೇರ ಕಾಳಿನೊಳಕ್ಕೆ ಕೊರೆದು, ಒಳಗೇ ತಿಂದು ಬೆಳೆದು, ದುಂಡಗಿನ ತೂತು ಬಿಟ್ಟು ಹೊರಬರುತ್ತದೆ. ಬಿಸಿಲ ನಾಡಿನಲ್ಲಿ ಒಂದು ತಲೆಮಾರಿಗೆ ತಿಂಗಳು ಸಾಕು. ಹೊಲದಿಂದ ಬರುವಾಗಲೇ ನಾಲ್ಕಾರು ದುಂಬಿ ಜೊತೆಗೆ ಬಂದಿದ್ದರೆ, ಮೂರು ನಾಲ್ಕು ತಿಂಗಳಲ್ಲಿ ಚೀಲ ಹಿಟ್ಟು ಉದುರಿಸುತ್ತದೆ. ಇದನ್ನು ಬಲ್ಲ ರೈತ ಹುಳು ತಿನ್ನುವ ಮೊದಲೇ ಮಾರಿಬಿಡುತ್ತಾನೆ. ಹಾಗೆ ಮಾರುವವನಿಗೆ ಬುದ್ಧಿ ಹೇಳಬೇಕಾದ್ದು ಏನೂ ಇಲ್ಲ, ಅವನ ಲೆಕ್ಕ ಸರಿಯಾಗಿಯೇ ಇದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಕ್ಯಾಮರೂನ್‌ನ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಹಣದಿಂದ ಒಂದು ಚೀಲ ರೂಪಿಸಿದರು. 2007ರಿಂದ ಗೇಟ್ಸ್ ಫೌಂಡೇಷನ್ ನೆರವಿನಲ್ಲಿ ಅದು ‘ಪಿಕ್ಸ್’ ಎಂಬ ಹೆಸರಿನಿಂದ ಪಶ್ಚಿಮ ಆಫ್ರಿಕಾದ ಹಳ್ಳಿಗಳಿಗೆ ಹೋಯಿತು. ಒಳಗೆ ದಪ್ಪ ಪಾಲಿಥೀನ್‌ನ ಎರಡು ಚೀಲ, ಒಂದೊಂದೂ ಸುಮಾರು 80 ಮೈಕ್ರಾನ್. ಹೊರಗೆ ಭಾರ ತಡೆಯಲು ನೇಯ್ದ ಪ್ಲಾಸ್ಟಿಕ್ ಚೀಲ. ಔಷಧಿ ಇಲ್ಲ, ಹೊಗೆ ಇಲ್ಲ. ಬಾಯಿ ಬಿಗಿದ ಮೇಲೆ ಒಳಗಿನ ದುಂಬಿಗಳೂ ಮರಿಗಳೂ ಉಸಿರಾಡುತ್ತಾ ಅಲ್ಲಿನ ಆಮ್ಲಜನಕವನ್ನು ತಾವೇ ಮುಗಿಸುತ್ತವೆ. ಆಮೇಲೆ ಅವು ಸಾಯುವ ಬಗೆ ಗಮನಿಸುವಂಥದ್ದು: ಒಣ ಕಾಳಿನೊಳಗೆ ಬದುಕುವ ಈ ಹುಳುವಿಗೆ ಕುಡಿಯಲು ನೀರಿಲ್ಲ. ತಿಂದದ್ದನ್ನು ಆಮ್ಲಜನಕದೊಂದಿಗೆ ಉರಿಸಿಯೇ ಮೈಗೆ ಬೇಕಾದ ನೀರನ್ನು ಮಾಡಿಕೊಳ್ಳುತ್ತದೆ. ಆಮ್ಲಜನಕ ಹೋದರೆ ನೀರೂ ಹೋಯಿತು. ಮರಿ ತಿನ್ನುವುದನ್ನು ನಿಲ್ಲಿಸಿ, ಇದ್ದಲ್ಲೇ ಒಣಗಿ ಸಾಯುತ್ತದೆ.

ತುಂಬುವ ಕ್ರಮದಲ್ಲೇ ಸೋಲು ಗೆಲುವು. ಒಳಚೀಲಗಳಿಗೆ ಗಾಳಿ ತುಂಬಿ, ಬಾಯಿ ತಿರುಚಿ ಹಿಡಿದು, ಅದುಮಿ ತೂತಿದೆಯೇ ನೋಡಬೇಕು. ಒಂದರೊಳಗೊಂದು ಇಳಿಸಿ, ಕಾಳು ಸ್ವಲ್ಪ ಸುರಿದು, ಚೀಲ ಕುಲುಕಿ, ಮತ್ತೆ ಸುರಿಯಬೇಕು. ಮೂಲೆಯಲ್ಲಿ ಗಾಳಿ ನಿಂತರೆ ಹುಳುವಿಗೆ ಅದೇ ದಾಸ್ತಾನು. ಮೇಲೆ ಒಂದು ಗೇಣು ಪ್ಲಾಸ್ಟಿಕ್ ಬಿಟ್ಟು, ಗಾಳಿ ಒತ್ತಿ ತೆಗೆದು, ಬಾಯಿ ಹುರಿಯಾಗುವಷ್ಟು ತಿರುಚಿ, ಮಡಚಿ, ದಾರದಿಂದ ಬಿಗಿಯಬೇಕು. ಎರಡನೆಯ ಒಳಚೀಲಕ್ಕೂ ಹೀಗೆಯೇ, ಹೊರಚೀಲಕ್ಕೂ ಹೀಗೆಯೇ. ಮೂರನ್ನೂ ಸೇರಿಸಿ ಒಂದೇ ಗಂಟು ಹಾಕುವುದು ತೀರಾ ಸಾಮಾನ್ಯ ತಪ್ಪು, ಸಂದಿಯಲ್ಲಿ ಗಾಳಿ ಆಡುತ್ತದೆ. ಇನ್ನೊಂದು ತಪ್ಪು, 100 ಕೆಜಿ ಚೀಲಕ್ಕೆ 40 ಕೆಜಿ ಹಾಕಿ ಉಳಿದ ಜಾಗದ ಗಾಳಿಯನ್ನು ಹಾಗೇ ಬಿಟ್ಟು ಕಟ್ಟುವುದು. ಮತ್ತೊಂದು, ಎರಡು ವಾರಕ್ಕೇ ಕುತೂಹಲಕ್ಕೆ ಬಿಚ್ಚಿ ನೋಡುವುದು. ಅಡುಗೆಗೆ ಆಗಾಗ ತೆಗೆಯುವ ಕಾಳಿಗೆ ಸಣ್ಣ ಚೀಲ ಬೇರೆಯೇ ಇರಲಿ. ಗೋಡೆಗೆ ತಾಗದಂತೆ, ನೆಲದಿಂದ ಎತ್ತರಿಸಿ, ಹಲಗೆಯ ಮೇಲೆ ನಿಲ್ಲಿಸಬೇಕು. ಇಲಿಯನ್ನು ಪಾಲಿಥೀನ್ ತಡೆಯುವುದಿಲ್ಲ.

ಒದ್ದೆ ಕಾಳನ್ನು ಈ ಚೀಲ ಒಣಗಿಸುವುದೂ ಇಲ್ಲ. ಒಳಗಿನ ತೇವ ಒಳಗೇ ಉಳಿದು ಕಾಳು ಕಮಟುತ್ತದೆ, ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಮೆಕ್ಕೆಜೋಳವಾದರೆ ತೇವ 13% ದಾಟಬಾರದು. ಮೀಟರ್ ಇಲ್ಲದ ಕಡೆ ಉಪ್ಪಿನ ಪರೀಕ್ಷೆ ಇದೆ: ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಉಪ್ಪು ಹಾಕಿ, ಮುಚ್ಚಿ ಅಲುಗಾಡಿಸಿ ಕಾಲು ಗಂಟೆ ಬಿಡುವುದು. ಉಪ್ಪು ಗಾಜಿಗೆ ಅಂಟಿದರೆ ತೇವ 15%ಕ್ಕಿಂತ ಹೆಚ್ಚು. ಅಂಟದಿದ್ದರೂ 13ಕ್ಕೆ ಇಳಿದಿದೆ ಎಂದರ್ಥವಲ್ಲ, ಇನ್ನೊಂದೆರಡು ಬಿಸಿಲು ತೋರಿಸಿಯೇ ತುಂಬುವುದು ಕ್ಷೇಮ.

ಊರಿನವರ ನಂಬಿಕೆ ಗಳಿಸಿದ್ದು ಭಾಷಣದಿಂದಲ್ಲ. ಸುಗ್ಗಿಯಲ್ಲಿ ಊರಿನ ಕೆಲವರ ಕಾಳನ್ನೇ ಚೀಲಕ್ಕೆ ತುಂಬಿ, ನಾಲ್ಕಾರು ತಿಂಗಳ ಮೇಲೆ ಎಲ್ಲರ ಮುಂದೆ ಬಿಚ್ಚಿ ತೋರಿಸಿದರು. ಪ್ರಾತ್ಯಕ್ಷಿಕೆಗೆ ಕೆಲವೇ ಚೀಲ ಉಚಿತ, ಉಳಿದದ್ದು ಅಂಗಡಿಯಲ್ಲಿ ಹಣಕ್ಕೆ. ಇದು ಜಿಪುಣತನವಲ್ಲ. ಒಂದು ಯೋಜನೆ ಲಾರಿಗಟ್ಟಲೆ ಚೀಲ ಪುಕ್ಕಟೆ ಹಂಚಿತೆಂದರೆ ಆ ವರ್ಷ ಅಂಗಡಿಯವನ ಸರಕು ಹೋಗುವುದಿಲ್ಲ, ಮರುವರ್ಷ ಅವನು ತರಿಸುವುದಿಲ್ಲ. ಯೋಜನೆ ಮುಗಿದ ಮೇಲೆ ಊರಿನಲ್ಲಿ ಚೀಲವೂ ಇಲ್ಲ, ಮಾರುವವನೂ ಇಲ್ಲ. ನೆರವಿನ ಹಣ ಹೋಗಬೇಕಾದ್ದು ಸಗಟು ವ್ಯಾಪಾರಿ ಸುಗ್ಗಿಗೆ ಮುಂಚೆ ಸರಕು ತುಂಬಿಕೊಳ್ಳಲು ಬೇಕಾದ ಸಾಲಕ್ಕೆ. ಅಕ್ಟೋಬರ್‌ನಲ್ಲಿ ಸಿಗದ ಚೀಲ ಡಿಸೆಂಬರ್‌ನಲ್ಲಿ ಬಂದು ಏನೂ ಉಪಯೋಗವಿಲ್ಲ.

ಇನ್ನು ಸಾಲ. ಹುಳು ತಿನ್ನದಿದ್ದರೂ ಅಕ್ಟೋಬರ್‌ನ ಖರ್ಚು ಕಾಯುವುದಿಲ್ಲ. ಇದಕ್ಕೆ ನೈಜರ್‌ನಲ್ಲಿ 1990ರ ದಶಕದ ಕೊನೆಯಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಯೋಜನೆಯೊಂದು ‘ವಾರಂಟಾಜ್’ ಪದ್ಧತಿ ತಂದಿತು. ರೈತರ ಸಂಘದ ಉಗ್ರಾಣದಲ್ಲಿ ಕಾಳಿಟ್ಟು, ಅದನ್ನೇ ಅಡವಾಗಿಸಿ ಕಿರುಸಾಲ ಪಡೆಯುವುದು. ಬಾಗಿಲಿಗೆ ಎರಡು ಬೀಗ: ಒಂದರ ಕೀಲಿ ಸಂಘದ ಕೈಯಲ್ಲಿ, ಇನ್ನೊಂದು ಸಾಲ ಕೊಟ್ಟ ಸಂಸ್ಥೆಯ ಕೈಯಲ್ಲಿ. ಒಬ್ಬರು ಬಿಟ್ಟು ಇನ್ನೊಬ್ಬರು ತೆಗೆಯುವಂತಿಲ್ಲ.

ಲೆಕ್ಕ ಹೀಗೆ ನೋಡೋಣ, ಅಂಕಿ ಉದಾಹರಣೆಗೆ ಮಾತ್ರ. ಸುಗ್ಗಿಯಲ್ಲಿ 100 ಕೆಜಿ ಅಲಸಂದೆಗೆ 20,000 ಸಿಎಫ್‌ಎ ಫ್ರಾಂಕ್ (ಅಲ್ಲಿನ ಹಣ) ಬೆಲೆ. ಅದರ 70%, ಅಂದರೆ 14,000 ಸಾಲ. ತಿಂಗಳಿಗೆ 2%ರಂತೆ ಆರು ತಿಂಗಳಿಗೆ ಬಡ್ಡಿ 1,680. ಉಗ್ರಾಣ ಬಾಡಿಗೆ 500, ಚೀಲಕ್ಕೆ 1,000. ಒಟ್ಟು ಖರ್ಚು 3,180. ಅಂದರೆ ಬೆಲೆ 16% ಏರಿದರೆ ಅಸಲು, ಅದಕ್ಕಿಂತ ಹೆಚ್ಚಾದದ್ದು ಲಾಭ. 30,000ಕ್ಕೆ ಮಾರಿದರೆ ಚೀಲಕ್ಕೆ 6,820 ಉಳಿಯಿತು. ಆ 14,000ವನ್ನು ಹಳೆಯ ಸಾಲ ತೀರಿಸುವುದರ ಜೊತೆಗೆ ಕುರಿ ಕೊಬ್ಬಿಸಲು, ಮಳೆಯಿಲ್ಲದ ಕಾಲದ ಈರುಳ್ಳಿ ಬೆಳೆಗೆ ಹಾಕಿದವರಿಗೆ ಇನ್ನೊಂದು ಆದಾಯವೂ ಆಯಿತು.

ಕೆಡುವುದೂ ಇಲ್ಲಿಯೇ. ಕೆಲವು ವರ್ಷ ಬೆಲೆ ಏರುವುದೇ ಇಲ್ಲ. ಸರ್ಕಾರ ದಾಸ್ತಾನು ಮಾರಿದರೆ, ಅಥವಾ ಆಹಾರ ನೆರವಿನ ಧಾನ್ಯವೇ ಮೇ, ಜೂನ್‌ನಲ್ಲಿ ಬಂದು ಇಳಿದರೆ, ಒಂದು ನೆರವು ಇನ್ನೊಂದರ ಕಾಲು ಮುರಿಯುತ್ತದೆ. ಅದಕ್ಕೇ ಸಾಲ 80% ದಾಟಬಾರದು, 60–70 ಇದ್ದರೆ ಬೆಲೆ ಕುಸಿದರೂ ತಡೆದೀತು. ಇಡುವಾಗ ಪ್ರತಿ ಚೀಲ ತೂಗಿ, ಬಿಚ್ಚಿ ನೋಡಿ, ಮಾಲೀಕರ ಹೆಸರು ಬರೆಯದಿದ್ದರೆ ಬಿಡಿಸಿಕೊಳ್ಳುವ ದಿನ ಜಗಳ ತಪ್ಪಿದ್ದಲ್ಲ. ಹೆಂಗಸರು ಬೆಳೆದ ಅಲಸಂದೆಯನ್ನು ಗಂಡನ ಹೆಸರಿಗೆ ಬರೆದರೆ ಸಾಲವೂ ಅವನಿಗೇ ಹೋಗುತ್ತದೆ. ಚೀಟಿ ಅವರದೇ ಹೆಸರಿಗೆ ಆಗಬೇಕು.

ಎಲ್ಲಕ್ಕಿಂತ ಹೆಚ್ಚು ಹಾಳುಮಾಡುವುದು ತಡ. ಸಂಸ್ಥೆಯ ಬಳಿ ಹಣವಿಲ್ಲದೆ ಸಾಲ ಜನವರಿಗೆ ಬಂದರೆ, ಅಷ್ಟರಲ್ಲಿ ರೈತ ಕಾಳು ಮಾರಿ ಆಗಿರುತ್ತದೆ. ಉಗ್ರಾಣಕ್ಕೆ ಬರುವುದು ವ್ಯಾಪಾರಿಯ ಕಾಳು. ದಾನಿ ಸಂಸ್ಥೆಗಳು ಹೊಸ ಉಗ್ರಾಣದ ಗೋಡೆಗೆ ಹೆಸರು ಬರೆಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಊರಿಗೆ ಸಾಲದ ಹಣ ಯಾವ ತಾರೀಖಿಗೆ ಬರುತ್ತದೆ? ಉತ್ತರ ಅಕ್ಟೋಬರ್ ಅಲ್ಲದಿದ್ದರೆ, ಗೋಡೆಗಿಟ್ಟ ಹಣವನ್ನು ಕಿರುಸಾಲ ಸಂಸ್ಥೆಗೆ ಸುಗ್ಗಿಗೆ ಮುಂಚೆ ಸಿಗುವ ಬಂಡವಾಳಕ್ಕೆ ತಿರುಗಿಸಲಿ.